ಅರಿವು ಕೇಂದ್ರದ ಮಕ್ಕಳ ಕಪಾಟು: ಒಂದು ಪರಾಮರ್ಶೆ

ಹೋಟೆಲಿನ ದೋಸೆಗೂ ಅಂಗಡಿಯ ಸೀರೆಗೂ ಸ್ಟಾರ್ ಕೊಟ್ಟು ನಾಲ್ಕು ಸಾಲು ಬರೆಯುವ ನಾವು, ನಮ್ಮದೇ ತೆರಿಗೆಯ ಹಣದಿಂದ ನಡೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯದ ಗುಣದೋಷಗಳ ಬಗ್ಗೆ ಬರೆಯುವುದು ಅಪರೂಪ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ಕಟ್ಟುತ್ತೇವೆ. ಕಂದಾಯದ ರಸೀದಿಯನ್ನು ಆ ಸಾಲಿನವರೆಗೆ ಓದುವವರು ಕಡಿಮೆ. ಹಣ ಕೊಟ್ಟ ಮೇಲೆ ಸರಕು ಹೇಗಿದೆ ಎಂದು ಕೇಳುವ ಹಕ್ಕೂ ಇರಬೇಕಲ್ಲ ಎಂಬ ಧೈರ್ಯದಿಂದ, ತಿಪಟೂರು ಸೀಮೆಯ ನಮ್ಮೂರಿನ ಅರಿವು ಕೇಂದ್ರದ, ಅಂದರೆ ಪಂಚಾಯಿತಿ ಗ್ರಂಥಾಲಯದ, ಮಕ್ಕಳ ವಿಭಾಗವನ್ನು ಇಲ್ಲಿ ಪರಾಮರ್ಶಿಸುತ್ತಿದ್ದೇನೆ.

ನಾನು ಬಿ.ಎ. ಅಂತಿಮ ವರ್ಷದಲ್ಲಿ ಐಚ್ಛಿಕ ಕನ್ನಡ ಓದುತ್ತಿರುವವಳು. ಕಾಲೇಜಿನಿಂದ ಬರುವ ಬಸ್ಸು ನನ್ನನ್ನು ಇಳಿಸುವುದು ಪಂಚಾಯಿತಿ ಕಟ್ಟಡದ ಎದುರಿಗೇ ಆದ್ದರಿಂದ, ಪತ್ರಿಕೆ ಓದಲೆಂದು ಒಳಗೆ ಹೋಗುವ ಅಭ್ಯಾಸವಾಯಿತು. ಶಾಲೆ ಬಿಟ್ಟ ಮಕ್ಕಳು ಅಲ್ಲಿಗೆ ಬರುತ್ತಾರೆ. ಓದಲು ಬಲ್ಲವರು ತಾವೇ ಓದಿಕೊಳ್ಳುತ್ತಾರೆ, ಉಳಿದವರು ಬಿಡುವಾಗಿ ಕಾಣುವ ದೊಡ್ಡವರನ್ನು ಹುಡುಕುತ್ತಾರೆ. ಹಾಗೆ ಅವರ ಕೈಗೆ ಸಿಕ್ಕಿದವಳು ನಾನು. ಹೀಗಾಗಿ ಈ ಪುಸ್ತಕಗಳ ಬಗ್ಗೆ ನನಗೆ ಬಂದಿರುವ ಅಭಿಪ್ರಾಯಗಳೆಲ್ಲ ಗಟ್ಟಿಯಾಗಿ ಓದಿ ಹೇಳುವಾಗ ಬಂದವೇ ಹೊರತು ತರಗತಿಯಲ್ಲಿ ಕಲಿತವಲ್ಲ. ತರಗತಿಯಲ್ಲಿ ಮಕ್ಕಳ ಸಾಹಿತ್ಯಕ್ಕೆ ಸಿಗುವುದು ಸಾಹಿತ್ಯ ಚರಿತ್ರೆಯ ಕೊನೆಯ ಘಟಕದ ಒಂದು ಟಿಪ್ಪಣಿ, ಅದೂ ಐದು ಅಂಕಕ್ಕೆ.

ಮೊದಲು ಸೇವೆಯ ಸ್ವರೂಪವನ್ನು ಹೇಳಿಬಿಡುತ್ತೇನೆ. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದವರೆಗಿನ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಅಲ್ಲಿಯವರೆಗೆ ನಮ್ಮೂರ ವಾಚನಾಲಯವೆಂದರೆ ಎರಡು ಬೆಂಚು, ಮೂರು ದಿನಪತ್ರಿಕೆ, ಮತ್ತು ಅವುಗಳ ಸುತ್ತ ಚುನಾವಣೆಯ ಮಾತಾಡುವ ಹಿರಿಯರು. ಈಗ ಗೋಡೆಗೆ ಬಣ್ಣ ಬಂದಿದೆ, ನೆಲಕ್ಕೆ ಜಮಖಾನ ಬಂದಿದೆ, ಒಂದು ಮೂಲೆಯಲ್ಲಿ ಕೇರಂ ಬೋರ್ಡ್ ಇದೆ. ಹಿರಿಯರು ಬೆಂಚನ್ನು ಜಗುಲಿಗೆ ಹಾಕಿಕೊಂಡಿದ್ದಾರೆ. ಈ ವ್ಯವಸ್ಥೆ ಇಬ್ಬರಿಗೂ ಒಪ್ಪಿಗೆಯಾದಂತಿದೆ.

ಕಪಾಟಿನಲ್ಲಿರುವ ಮಕ್ಕಳ ಪುಸ್ತಕಗಳಲ್ಲಿ ಎದ್ದು ಕಾಣುವುದು ಮಹಾಪುರುಷರ ಜೀವನ ಚರಿತ್ರೆಗಳು. ಅವು ಹೊಸದಾಗಿಯೇ ಉಳಿದಿವೆ. ಮೊದಲ ಪುಟದಲ್ಲಿ ಜನನ, ಕೊನೆಯ ಪುಟದಲ್ಲಿ ಮರಣ, ನಡುವೆ ಒಂದೇ ಒಂದು ಸಲವಾದರೂ ಹಠ ಮಾಡದ, ಹೋಂವರ್ಕ್ ಮರೆಯದ ಬಾಲ್ಯ. ಭಾಷಣ ಸ್ಪರ್ಧೆಯ ಹಿಂದಿನ ದಿನ ಮಾತ್ರ ಇವುಗಳಿಗೆ ಬೇಡಿಕೆ ಬರುತ್ತದೆ.

ಎರಡನೆಯ ರಾಶಿ ಪಂಚತಂತ್ರ ಮತ್ತು ತೆನಾಲಿ ರಾಮಕೃಷ್ಣನ ಕಥೆಗಳದ್ದು. ಇವುಗಳನ್ನು ಮಕ್ಕಳು ಇಷ್ಟಪಡುತ್ತಾರೆ, ನಿಜ. ಆದರೆ ಒಂದೇ ಮೊಸಳೆ, ಒಂದೇ ಕೋತಿ ಬೇರೆ ಬೇರೆ ಪ್ರಕಾಶಕರ ಹೆಸರಿನಲ್ಲಿ ಮತ್ತೆ ಮತ್ತೆ ಬಂದು ಕುಳಿತಿರುವುದು ಖರೀದಿಯ ಸೋಮಾರಿತನವಲ್ಲದೆ ಬೇರೇನಲ್ಲ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದಲ್ಲಿಯೇ ದುರ್ಗಸಿಂಹನು ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿ ಪಂಚತಂತ್ರವನ್ನು ಗದ್ಯ ಪದ್ಯ ಬೆರೆತ ಚಂಪೂವಾಗಿ ಬರೆದನೆಂದು ನಾವು ಪಠ್ಯದಲ್ಲಿ ಓದುತ್ತೇವೆ. ಅದು ರಾಜನೀತಿಯ ಗ್ರಂಥ. ಯಾರನ್ನು ನಂಬಬೇಕು, ಯಾರನ್ನು ನಂಬಬಾರದು, ಎರಡು ಮಿತ್ರರಾಜ್ಯಗಳನ್ನು ಹೇಗೆ ಒಡೆಯಬೇಕು ಎಂಬ ಲೆಕ್ಕಾಚಾರ ಅದರ ಬೆನ್ನೆಲುಬು. ಆ ಕಥೆಗಳಿಂದ ರಾಜಕಾರಣವನ್ನು ತೆಗೆದು, ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 'ನೀತಿ' ಎಂದು ಅಚ್ಚು ಹಾಕಿದರೆ ಮಕ್ಕಳ ಪುಸ್ತಕವಾಯಿತು ಎಂದು ತಿಳಿದವರು ಬಹಳ. ಮಕ್ಕಳು ನೀತಿಯ ಸಾಲನ್ನು ಓದುವುದೇ ಇಲ್ಲ, ನೇರವಾಗಿ ಪುಟ ತಿರುಗಿಸುತ್ತಾರೆ. ಗಟ್ಟಿಯಾಗಿ ಓದುವಾಗ ನಾನೂ ಆ ಸಾಲನ್ನು ಬಿಟ್ಟುಬಿಡುತ್ತೇನೆ, ಯಾರೂ ಕೇಳಿಲ್ಲ.

ಈ ಕಪಾಟಿನ ನಿಜವಾದ ಆಸ್ತಿ ಮೂರನೆಯ ರಾಶಿ, ಅಂದರೆ ಹದಿನಾರು, ಇಪ್ಪತ್ತು ಪುಟಗಳ ತೆಳ್ಳನೆಯ ಚಿತ್ರಪುಸ್ತಕಗಳು. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯವು, ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯವು ಇಲ್ಲಿ ಸೇರಿಕೊಂಡಿವೆ. ಇವುಗಳಲ್ಲಿ ರಾಜನಿಲ್ಲ, ಮಹಾಪುರುಷನಿಲ್ಲ. ಕ್ಷೌರದ ಅಂಗಡಿಗೆ ಬರಲೊಲ್ಲದ ಹುಡುಗ, ಕನ್ನಡಕ ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕುವ ಅಜ್ಜಿ, ಮಳೆಗೆ ನಿಂತುಹೋದ ಆಟೋ, ಹೆಚ್ಚೆಂದರೆ ಇಷ್ಟೇ ಕಥೆ. ದೊಡ್ಡವರಿಗೆ ಇದರಲ್ಲಿ ಏನೂ ನಡೆಯಲಿಲ್ಲವೆನಿಸಬಹುದು. ಆದರೆ ಅಜ್ಜಿಯ ಕನ್ನಡಕ ಕಳೆದುಹೋಗುವುದು ಎರಡನೆಯ ತರಗತಿಯ ಮಗುವಿನ ಮನೆಯಲ್ಲಿ ವಾರಕ್ಕೊಮ್ಮೆ ನಡೆಯುವ ದೊಡ್ಡ ಸಂಗತಿ. ಅದು ಅಚ್ಚಾದ ಪುಸ್ತಕದಲ್ಲಿ ಬರಬಹುದು ಎನ್ನುವುದೇ ಆ ಮಗುವಿಗೆ ಹೊಸದು. ಓದುತ್ತಿರುವಾಗಲೇ "ಅಕ್ಕಾ, ನಮ್ಮಜ್ಜೀನೂ ಹಿಂಗೇ, ತಲೆ ಮೇಲೆ ಇಟ್ಕಂಡು ಹುಡುಕ್ತಾಳೆ" ಎಂದು ಒಬ್ಬಳು ಎದ್ದು ನಿಂತರೆ, ಮುಂದಿನ ಪುಟಕ್ಕೆ ಹೋಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ, ಏಕೆಂದರೆ ಉಳಿದ ಅಜ್ಜಿಯರೆಲ್ಲರ ಸರದಿಯೂ ಬರಬೇಕು. ಪುಸ್ತಕದ ಕಥೆಗಿಂತ ಆ ಅಜ್ಜಿಯರ ಕಥೆಗಳು ಹೆಚ್ಚು ಚೆನ್ನಾಗಿರುವುದೂ ಉಂಟು.

ಕನ್ನಡಕ್ಕೆ ಇದು ಹೊಸ ದಾರಿಯಲ್ಲ. ಜಿ.ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನೇ ನೋಡಬಹುದು: ತಗಡಿನ ಆಟಿಕೆ, ಅದನ್ನು ಕೊಂಡ ಹುಡುಗನ ಜಂಬ, ಕೊಳದ ನೀರಿಗೆ ಬಿದ್ದ ಮೇಲೆ ಕೆಟ್ಟುಹೋದ ಸದ್ದು. ಕೊನೆಯಲ್ಲಿ ಜಂಬದ ಕೋಳಿಗೆ ಗೋಳಾಯಿತೆಂದು ಬುದ್ಧಿಯ ಮಾತನ್ನೂ ಸೂಚಿಸಿದ್ದಾರೆ, ಒಪ್ಪುತ್ತೇನೆ. ಆದರೂ ಮಕ್ಕಳಿಗೆ ನೆನಪಿನಲ್ಲಿ ನಿಲ್ಲುವುದು ಬುದ್ಧಿಯ ಮಾತಲ್ಲ, ಕೆಟ್ಟುಹೋದ ತುತ್ತೂರಿ. ಜಾತ್ರೆಯಲ್ಲಿ ಕೊಂಡ ಆಟಿಕೆ ಮನೆ ಸೇರುವ ಮೊದಲೇ ಮುರಿದ ದುಃಖವನ್ನು ಬಲ್ಲವರಿಗೆ ಆ ಪದ್ಯ ಅರ್ಥವಾಗಲು ಟಿಪ್ಪಣಿ ಬೇಡ. ಇಂಥ ಶಿಶುಪದ್ಯಗಳ ಸಂಗ್ರಹ ನಮ್ಮ ಕೇಂದ್ರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಮತ್ತು ಇದು ನಾನು ಕಂಡ ದೊಡ್ಡ ಕೊರತೆ. ಗುಂಪಿನಲ್ಲಿ ಓದಲು ಪದ್ಯಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅಕ್ಷರ ಕೂಡಿಸಿ ಓದಲು ತಡವರಿಸುವ ಮಗುವೂ ಎರಡು ಸಲ ಕೇಳಿದ ಮೇಲೆ ಸಾಲಿನ ಕೊನೆಯ ಪ್ರಾಸವನ್ನು ತಾನೇ ಕೂಗುತ್ತದೆ. ಆಮೇಲೆ ಬೆರಳಿಟ್ಟು ಅಕ್ಷರವನ್ನು ಹುಡುಕುತ್ತದೆ.

ಚಿತ್ರಪುಸ್ತಕಗಳ ದಿನನಿತ್ಯ ನಮ್ಮೂರಿನ ದಿನನಿತ್ಯವಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿನ ಮನೆಗೆ ಬಾಲ್ಕನಿ ಇರುತ್ತದೆ, ಅಪ್ಪ ಆಫೀಸಿಗೆ ಹೋಗುತ್ತಾನೆ, ಹಳ್ಳಿ ಬಂದರೂ ಅದು ಯಾವ ಜಿಲ್ಲೆಯೆಂದು ಹೇಳಲಾಗದಂಥ ಹಸಿರು ಗುಡ್ಡದ ಹಳ್ಳಿ. ಮೂರನೆಯ ತರಗತಿಯ ಹುಡುಗನೊಬ್ಬ ಚಿತ್ರದ ಮನೆಯನ್ನು ಬಹಳ ಹೊತ್ತು ನೋಡಿ, "ಇವ್ರು ಕಾಯಿ ಎಲ್ಲಿ ಹಾಕ್ತಾರೆ? ಅಟ್ಟಾನೇ ಇಲ್ವಲ್ಲ" ಎಂದು ಕೇಳಿದ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಇಟ್ಟು, ಒಳಗಿನ ನೀರು ಇಂಗಿ, ಅಲುಗಾಡಿಸಿದರೆ ಉಂಡೆ ಕೊಬ್ಬರಿ ಚಿಪ್ಪಿನೊಳಗೆ ಉರುಳುವ ಸದ್ದು ಬರುವವರೆಗೆ ಕಾಯುತ್ತಾರೆ. ಆ ಸದ್ದನ್ನು ಕೇಳಿ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುವ ವಿದ್ಯೆಯಲ್ಲಿ ಎಂಟು ವರ್ಷದವರು ನನ್ನನ್ನು ಸೋಲಿಸುತ್ತಾರೆ. ವರ್ಷವಿಡೀ ತಲೆಯ ಮೇಲೆಯೇ ಇರುವ ಕಾಯಿ, ಸುಲಿಯುವ ದಿನದ ಗದ್ದಲ, ತಿಪಟೂರು ಮಾರುಕಟ್ಟೆಯ ದರ ಕೇಳಿ ಮನೆಯವರ ಮುಖ ಬದಲಾಗುವುದು, ಇದರಲ್ಲಿ ಇಪ್ಪತ್ತು ಪುಟದ ಪುಸ್ತಕಕ್ಕೆ ಬೇಕಾದ್ದೆಲ್ಲ ಇದೆ. ಯಾರೂ ಬರೆದಂತೆ ನಮ್ಮ ಕಪಾಟಿನಲ್ಲಿ ಕಾಣೆ.

ಭಾಷೆಯ ವಿಚಾರದಲ್ಲಿ ಪುಸ್ತಕಗಳು ಏಕರೂಪವಾಗಿಲ್ಲ. ಕೆಲವು ಅನುವಾದಗಳು ಕನ್ನಡದಲ್ಲೇ ಹುಟ್ಟಿದಂತೆ ಓದಿಸಿಕೊಳ್ಳುತ್ತವೆ. ಇನ್ನು ಕೆಲವುಗಳ ವಾಕ್ಯ ಕಣ್ಣಿಗೆ ಸರಿಯಾಗಿ ಕಂಡರೂ ಬಾಯಿಗೆ ಬಂದಾಗ ತೊಡರುತ್ತದೆ, ಕ್ರಿಯಾಪದ ಬರುವಷ್ಟರಲ್ಲಿ ಉಸಿರು ಮುಗಿದಿರುತ್ತದೆ. ಪ್ರಥಮ್ ಬುಕ್ಸ್‌ನವರು ತಮ್ಮ ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿ ಗುರುತು ಹಾಕುವುದು ಆಯ್ಕೆಗೆ ಒಳ್ಳೆಯ ಸಹಾಯ. ಮೊದಲ ಹಂತದಲ್ಲಿ ಪುಟಕ್ಕೊಂದೆರಡು ಸಣ್ಣ ವಾಕ್ಯ, ನಾಲ್ಕನೆಯದರಲ್ಲಿ ಸ್ವತಂತ್ರವಾಗಿ ಓದಬಲ್ಲವರಿಗೆ ದೀರ್ಘ ಕಥೆ. ಆದರೆ ಹಂತವನ್ನು ತರಗತಿಯೆಂದು ತಿಳಿಯಬಾರದು. ಐದನೆಯ ತರಗತಿಯವರು ಮೊದಲ ಹಂತದ ಪುಸ್ತಕವನ್ನು ಸಂತೋಷವಾಗಿ ಓದುತ್ತಾರೆ. 'ಅದು ಚಿಕ್ಕವರದ್ದು' ಎಂದು ಕಿತ್ತಿಡುವ ದೊಡ್ಡವರು ಪಕ್ಕದಲ್ಲಿ ಇಲ್ಲದಿದ್ದರೆ ಸಾಕು.

ಇನ್ನು ಕಪಾಟಿನ ವ್ಯವಸ್ಥೆ. ಬೆನ್ನಿಗೆ ಪಿನ್ ಹೊಡೆದ ತೆಳ್ಳನೆಯ ಪುಸ್ತಕವನ್ನು ನಿಲ್ಲಿಸಿ ಜೋಡಿಸಿದರೆ ಹೆಸರು ಕಾಣುವುದಿಲ್ಲ. ಮಗು ಆರಿಸುವುದು ಮುಖಪುಟವನ್ನು ನೋಡಿ. ನಮ್ಮ ಮೇಲ್ವಿಚಾರಕರು ಇದನ್ನು ಅರಿತು, ಗೋಡೆಯುದ್ದಕ್ಕೂ ಹುರಿ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಪುಸ್ತಕಗಳನ್ನು ತೂಗುಹಾಕಿದ್ದಾರೆ. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಹುರಿಗೆ ಹಿಡಿಸದ ಪುಸ್ತಕಗಳು ಗಾಜಿನ ಬೀರುವಿನೊಳಗೆ ಬೀಗದಲ್ಲಿವೆ. ಕಳೆದುಹೋದರೆ ಲೆಕ್ಕ ಕೊಡಬೇಕೆಂಬ ಭಯ ಅದರ ಹಿಂದಿದೆ. ಕಡಿಮೆ ಗೌರವಧನಕ್ಕೆ ದುಡಿಯುವವರ ಆ ಭಯವನ್ನು ಹಗುರವಾಗಿ ನೋಡಲಾರೆ. ಆದರೂ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಹರಿದ ಪುಸ್ತಕವನ್ನು ನಷ್ಟವೆಂದು ಬರೆಯುವ ರಿಜಿಸ್ಟರ್ ಇರುವವರೆಗೆ ಆ ಸೂತ್ರ ಮಕ್ಕಳ ವಿಭಾಗಕ್ಕೆ ಇಳಿಯುವುದು ಕಷ್ಟ, ಏಕೆಂದರೆ ಇಲ್ಲಿ ಹರಿಯುವುದು ಮೆಚ್ಚಿದ ಪುಸ್ತಕವೇ. ಅಂದಹಾಗೆ, ಗ್ರಂಥಾಲಯದ ಮೊಹರನ್ನು ಚಿತ್ರದಲ್ಲಿನ ಆನೆಯ ಕಣ್ಣಿನ ಮೇಲೆಯೇ ಒತ್ತಬೇಕಾಗಿರಲಿಲ್ಲ.

ಸಮಯದ ಬಗ್ಗೆ ದೂರಿದೆ. ಸಂಜೆ ಮಕ್ಕಳು ಮನೆಗೆ ಹೋಗಿ ಚೀಲವಿಟ್ಟು ಬಂದು ಕೂರುವಷ್ಟರಲ್ಲಿ ಡೇರಿಗೆ ಹಾಲು ಹಾಕುವ ಹೊತ್ತಾಗುತ್ತದೆ. ಕ್ಯಾನು ಹಿಡಿದು ಹೋಗುವ ಕೆಲಸ ಅನೇಕ ಮನೆಗಳಲ್ಲಿ ಮಕ್ಕಳದ್ದೇ. ಹಾಲು ಹಾಕಿ ಹಿಂದಿರುಗಿದರೆ ಬಾಗಿಲು ಹಾಕಿರುತ್ತದೆ. ಅರ್ಧ ಗಂಟೆ ತಡವಾಗಿ ಮುಚ್ಚಿದರೆ, ಅದಕ್ಕೆ ಬದಲಾಗಿ ಯಾರೂ ಬಾರದ ಬೆಳಗಿನ ಹೊತ್ತಿನಲ್ಲಿ ಅಷ್ಟು ಕಡಿಮೆ ಮಾಡಿದರೆ, ಯಾರಿಗೂ ನಷ್ಟವಿಲ್ಲ. ಮನೆಗೆ ಒಯ್ಯಲು ಪುಸ್ತಕ ಕೊಡುತ್ತಾರೆ, ಆದರೆ ಕೇಳಬೇಕು. ಕೇಳಬಹುದೆಂದು ಬಹಳ ಮಕ್ಕಳಿಗೆ ಗೊತ್ತಿಲ್ಲ. ಏಳನೆಯ ತರಗತಿ ದಾಟಿದ ಹುಡುಗಿಯರು ಸಂಜೆ ಬರುವುದು ಕಡಿಮೆಯಾಗುತ್ತದೆಯಾದ್ದರಿಂದ, ಅವರಿಗೆ ಮನೆಗೆ ಒಯ್ಯುವ ಸೌಲಭ್ಯವೇ ನಿಜವಾದ ಗ್ರಂಥಾಲಯ.

ಕಂಪ್ಯೂಟರ್ ಇದೆ. ಅದರ ಮುಂದೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಅಣ್ಣಂದಿರು ಕುಳಿತಿರುತ್ತಾರೆ, ಅವರ ಅಗತ್ಯವೂ ಸಣ್ಣದಲ್ಲ. ಆದರೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ ಮತ್ತು ಅಲ್ಲಿನ ಮುಕ್ತ ಪರವಾನಗಿಯ ಪ್ರಕಾರ, ಮೂಲ ಲೇಖಕರ ಹಾಗೂ ಚಿತ್ರಕಾರರ ಹೆಸರನ್ನು ಉಳಿಸಿಕೊಂಡು, ಅವುಗಳನ್ನು ಮುದ್ರಿಸಬಹುದು, ಬದಲಿಸಬಹುದು, ಅಲ್ಲಿರುವ ಚಿತ್ರಗಳಿಗೆ ನಮ್ಮದೇ ಕಥೆ ಬರೆಯಬಹುದು. ವಾರಕ್ಕೊಂದು ಗಂಟೆ ಆ ಯಂತ್ರವನ್ನು ಮಕ್ಕಳಿಗೆ ಬಿಟ್ಟುಕೊಟ್ಟರೆ ಹೊಸ ಪುಸ್ತಕದ ಬೇಡಿಕೆಯಲ್ಲಿ ಒಂದು ಪಾಲು ಖರ್ಚಿಲ್ಲದೆ ತೀರುತ್ತದೆ.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ ಕೊಡುತ್ತೇನೆ: ಹುರಿಗೂ ಚಿತ್ರಪುಸ್ತಕಗಳಿಗೂ ಮೂರು, ಮಕ್ಕಳು ಗದ್ದಲ ಮಾಡಿದಾಗ ಗದರದ ಮೇಲ್ವಿಚಾರಕರಿಗೆ ಅರ್ಧ. ಐದರಿಂದ ಹತ್ತು ವರ್ಷದ ಮಕ್ಕಳಿಗೆ ಈ ಕೇಂದ್ರ ಬಹಳ ಒಳ್ಳೆಯದು. ಹನ್ನೆರಡು ದಾಟಿದವರಿಗೆ ಕಾದಂಬರಿಗಳಿಲ್ಲ, ಅವರು ನಿರಾಶರಾಗುತ್ತಾರೆ. ಆರು ತುಂಬದ ಮಗುವಿಗೆ ಸದಸ್ಯತ್ವ ಸಿಗದಿದ್ದರೂ ಅಕ್ಕನ ಜೊತೆ ಬಂದು ಕೂರಲು ಯಾರ ಅಡ್ಡಿಯೂ ಇಲ್ಲ. ಕರೆತರುವ ಪೋಷಕರು ಶನಿವಾರ ಮಧ್ಯಾಹ್ನ ಬರುವುದು ಮೇಲು. ಅಂದು ಶಾಲೆ ಬೇಗ ಬಿಡುತ್ತದೆ, ಬೀರುವಿನ ಬೀಗ ತೆಗೆಸಿ ಒಳಗಿನದನ್ನು ನೋಡಲು ಸಮಯ ಸಿಗುತ್ತದೆ. ಮೇಜಿನ ಮೇಲೆ ಸಲಹಾ ಪುಸ್ತಕವಿದೆ. ಶಿಶುಪದ್ಯಗಳು ಬೇಕೆಂದೂ, ಸಂಜೆ ಅರ್ಧ ಗಂಟೆ ಹೆಚ್ಚು ತೆರೆದಿರಲೆಂದೂ ಅದರಲ್ಲಿ ಬರೆದಿದ್ದೇನೆ. ಖರೀದಿಯ ಪಟ್ಟಿ ಪಂಚಾಯಿತಿಯ ಮುಂದೆ ಬರುವ ಮೊದಲು ಇನ್ನೂ ನಾಲ್ಕು ಜನ ಅದನ್ನೇ ಬರೆದರೆ ಕೆಲಸವಾಗುವ ಸಂಭವವಿದೆ.