ಬೆಂಗಳೂರಿನಲ್ಲಿ ಎಂ.ಎಸ್.ಡಬ್ಲ್ಯು. ಓದು: ಸೇರುವ ಮುನ್ನ ನೋಡಬೇಕಾದದ್ದು

ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಎಲ್ಲರೂ ಕರೆಯುವಂತೆ ಎಂ.ಎಸ್.ಡಬ್ಲ್ಯು., ಓದಲು ಬೆಂಗಳೂರಿಗೆ ಬರಬೇಕೆಂದಿರುವವರು ನನ್ನನ್ನು ಸಾಮಾನ್ಯವಾಗಿ ಕೇಳುವುದು ಯಾವ ಕಾಲೇಜು ಒಳ್ಳೆಯದು ಎಂದು. ಈ ನಗರದ ಒಂದು ವಿಭಾಗದಲ್ಲಿ ಈ ಕೋರ್ಸನ್ನು ಮುಗಿಸಿ, ಈಗ ಆಸ್ಪತ್ರೆಯೊಂದರ ವೈದ್ಯಕೀಯ ಸಮಾಜಕಾರ್ಯ ವಿಭಾಗದಲ್ಲಿ ಕೆಲಸ ಮಾಡುತ್ತಾ, ಅಲ್ಲಿಗೆ ಕ್ಷೇತ್ರಕಾರ್ಯಕ್ಕೆಂದು, ಅಂದರೆ ಕೆಲಸದ ಜಾಗದಲ್ಲೇ ಪಡೆಯುವ ತರಬೇತಿಗೆಂದು, ಬರುವ ಬೇರೆ ಬೇರೆ ಕಾಲೇಜುಗಳ ವಿದ್ಯಾರ್ಥಿಗಳನ್ನು ಹತ್ತಿರದಿಂದ ನೋಡುತ್ತಿರುವವಳಾಗಿ ನಾನು ಹೇಳಬಹುದಾದದ್ದು ಇಷ್ಟು: ಕಟ್ಟಡ, ಗ್ರಂಥಾಲಯ, ಪ್ಲೇಸ್‌ಮೆಂಟ್ ಪಟ್ಟಿ ಎಲ್ಲವೂ ಇರಲಿ, ವಾರಕ್ಕೊಮ್ಮೆ ಅಧ್ಯಾಪಕರೊಬ್ಬರು ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಅವರ ಕ್ಷೇತ್ರಕಾರ್ಯದ ವರದಿಯನ್ನು ಸಾಲುಸಾಲಾಗಿ ಓದುತ್ತಾರೆಯೇ ಎಂಬುದರ ಮೇಲೆ ಈ ಕೋರ್ಸಿನ ಬೆಲೆ ನಿಂತಿದೆ. ಅದು ನಡೆಯುವ ಕಡೆ ಈ ಓದಿನಷ್ಟು ಮನುಷ್ಯರನ್ನು ಬೆಳೆಸುವ ಓದು ಅಪರೂಪ. ನಡೆಯದ ಕಡೆ ಎರಡು ವರ್ಷವೂ ಮನೆಯವರ ಹಣವೂ ವ್ಯರ್ಥವಾಗುತ್ತವೆ.

ಕೋರ್ಸಿನ ಚೌಕಟ್ಟು ಬಹುತೇಕ ಎಲ್ಲೆಡೆ ಒಂದೇ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಭಾರತದಲ್ಲಿ ಸಮಾಜಕಾರ್ಯವನ್ನು ವೃತ್ತಿಶಿಕ್ಷಣವಾಗಿ ಕಲಿಸಲು ಆರಂಭಿಸಿದ್ದು 1936ರಲ್ಲಿ, ಮುಂಬೈಯಲ್ಲಿ, ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಗಿರುವ ಶಾಲೆಯಲ್ಲಿ. ನಮ್ಮ ರಾಜ್ಯದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಈ ಶಿಕ್ಷಣವನ್ನು ನೀಡುತ್ತಾ ಬಂದಿದೆ. ಬೆಂಗಳೂರಿನಲ್ಲಿ ಜ್ಞಾನಭಾರತಿ ಆವರಣದ ಬೆಂಗಳೂರು ವಿಶ್ವವಿದ್ಯಾಲಯದಿಂದ ಹಿಡಿದು ಕ್ರೈಸ್ಟ್, ಕ್ರಿಸ್ತು ಜಯಂತಿಯಂತಹ ಖಾಸಗಿ ಸಂಸ್ಥೆಗಳವರೆಗೆ ಹಲವು ಕಡೆ ಇದನ್ನು ಓದಬಹುದು. ಸಮಾಜಕಾರ್ಯದಲ್ಲೇ ಪದವಿ, ಅಂದರೆ ಬಿ.ಎಸ್.ಡಬ್ಲ್ಯು., ಮಾಡಿರಲೇಬೇಕೆಂಬ ನಿಯಮ ಸಾಮಾನ್ಯವಾಗಿ ಇಲ್ಲವಾದ್ದರಿಂದ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಗಿಸಿದವರೂ ಬರುತ್ತಾರೆ. ಶುಲ್ಕದ ವಿಷಯದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಕ್ಕೂ ಖಾಸಗಿ ಸಂಸ್ಥೆಗಳಿಗೂ ಅಜಗಜಾಂತರವಿದೆ. ಆದರೆ ಶುಲ್ಕ ಹೆಚ್ಚಿದ್ದ ಕಡೆ ಮೇಲ್ವಿಚಾರಣೆಯೂ ಹೆಚ್ಚಾಗಿರುತ್ತದೆ ಎಂದು ಭಾವಿಸಬೇಡಿ. ನಮ್ಮ ಆಸ್ಪತ್ರೆಗೆ ಬರುವ ವಿದ್ಯಾರ್ಥಿಗಳನ್ನು ನೋಡಿದರೆ ಅಂತಹ ಸಂಬಂಧವೇನೂ ನನಗೆ ಕಂಡಿಲ್ಲ.

ತರಗತಿಯಲ್ಲಿ ಕಲಿಸುವುದು ಆರು ವಿಧಾನಗಳನ್ನು: ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ, ಸಮಾಜಕಲ್ಯಾಣ ಆಡಳಿತ, ಸಂಶೋಧನೆ ಮತ್ತು ಸಾಮಾಜಿಕ ಕ್ರಿಯೆ. ಇವುಗಳ ಜೊತೆಗೆ ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸಾಮಾಜಿಕ ಶಾಸನಗಳು. ಪಠ್ಯದ ಹೆಚ್ಚಿನ ಭಾಗ ಅಮೆರಿಕದಲ್ಲಿ ರೂಪುಗೊಂಡ ಚಿಂತನೆ. ಅದನ್ನು ಓದಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 1897ರಲ್ಲಿಯೇ ಮಂಗಳೂರಿನಲ್ಲಿ ದಲಿತ ಮಕ್ಕಳ ಶಿಕ್ಷಣಕ್ಕಾಗಿ ಸಂಸ್ಥೆ ಕಟ್ಟಿ, ತಮ್ಮ ಜಾತಿಯವರಿಂದ ಬಹಿಷ್ಕಾರವನ್ನು ಎದುರಿಸಿದ ಕುದ್ಮುಲ್ ರಂಗರಾಯರ ಕೆಲಸ ಒಂದು ತರಗತಿಯ ಕೊನೆಯ ಹತ್ತು ನಿಮಿಷದಲ್ಲಿ ಮುಗಿದುಹೋದರೆ, ಜಾತಿ ಎಂಬುದು ಈ ನಾಡಿನ ಸಮಾಜಕಾರ್ಯದ ಮೊದಲ ಪ್ರಶ್ನೆ ಎಂಬುದು ವಿದ್ಯಾರ್ಥಿಗೆ ಹೇಗೆ ತಿಳಿಯಬೇಕು? ಒಳ್ಳೆಯ ಅಧ್ಯಾಪಕರು ಪಠ್ಯಕ್ರಮ ಏನೇ ಇರಲಿ ಇದಕ್ಕೆ ಜಾಗ ಮಾಡಿಕೊಳ್ಳುತ್ತಾರೆ. ನನಗೆ ಅಂತಹ ಒಬ್ಬರು ಸಿಕ್ಕಿದ್ದರು ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಇನ್ನು ಕ್ಷೇತ್ರಕಾರ್ಯ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ವಿದ್ಯಾರ್ಥಿ ತರಗತಿಯಲ್ಲಿರುವುದಿಲ್ಲ. ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆ, ಕೊಳೆಗೇರಿ, ಶಾಲೆ, ಬಾಲಮಂದಿರ ಅಥವಾ ಕಾರ್ಖಾನೆಯಲ್ಲಿರುತ್ತಾರೆ. ಈ ವಿಷಯದಲ್ಲಿ ಬೆಂಗಳೂರಿಗೆ ಸಾಟಿಯಾದ ಊರು ರಾಜ್ಯದಲ್ಲಿ ಮತ್ತೊಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ, ಸಿಟಿ ಮಾರುಕಟ್ಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆ, ಪೊಲೀಸ್ ಆಯುಕ್ತರ ಕಚೇರಿಗೆ ಹೊಂದಿಕೊಂಡೇ ಬೆಳೆದುಬಂದ ವನಿತಾ ಸಹಾಯವಾಣಿ ಮತ್ತು ಮಕ್ಕಳ ಸಹಾಯವಾಣಿ, ಅಂಗವಿಕಲರಿಗಾಗಿ 1959ರಿಂದ ದುಡಿಯುತ್ತಿರುವ ಎ.ಪಿ.ಡಿ., ಬೀದಿಮಕ್ಕಳಿಗಾಗಿ ಕೆಲಸ ಮಾಡುವ ಬಾಸ್ಕೋ, ಕೊಳೆಗೇರಿಗಳ ನಡುವೆ ಬೇರುಬಿಟ್ಟಿರುವ ಆಪ್ಸಾ: ಒಂದೇ ನಗರದ ಬಸ್ಸಿನ ಹಾದಿಯಲ್ಲಿ ಇಷ್ಟೊಂದು ಬಗೆಯ ಸಂಕಟವೂ ಅದಕ್ಕೆ ಓಗೊಡುವ ಇಷ್ಟೊಂದು ಬಗೆಯ ಸಂಸ್ಥೆಗಳೂ ಸಿಗುವುದು ಕಲಿಯುವವರ ಭಾಗ್ಯ.

ಆದರೆ ಹೋಗಿ ಬಂದ ಮಾತ್ರಕ್ಕೆ ಕಲಿಕೆಯಾಗುವುದಿಲ್ಲ. ಹೋಗಿ ಬಂದದ್ದನ್ನು ಬರೆಯಬೇಕು, ಬರೆದದ್ದನ್ನು ಮತ್ತೊಬ್ಬರು ಓದಬೇಕು, ಓದಿದವರು ಕೇಳಬೇಕು. ಇದಕ್ಕೆ ಇಂಡಿವಿಜುವಲ್ ಕಾನ್ಫರೆನ್ಸ್ ಎಂದು ಹೆಸರು, ವಿದ್ಯಾರ್ಥಿಗಳು ಚಿಕ್ಕದಾಗಿ ಐ.ಸಿ. ಎನ್ನುತ್ತಾರೆ, ಮೇಲ್ವಿಚಾರಕರು ಮತ್ತು ವಿದ್ಯಾರ್ಥಿ ಇಬ್ಬರೇ ಕುಳಿತು ನಡೆಸುವ ಮಾತುಕತೆ ಅದು. ಇದು ಹೇಗಿರಬೇಕು ಎಂಬುದಕ್ಕೆ ನಮ್ಮ ವಿಭಾಗಕ್ಕೆ ಬಂದಿದ್ದ ವಿದ್ಯಾರ್ಥಿನಿಯೊಬ್ಬರ ವರದಿಯನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಹೇಳುತ್ತೇನೆ. ಕಲ್ಯಾಣ ಕರ್ನಾಟಕದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದಿದ್ದ ಒಬ್ಬರು ಸಾರುವೆಯಿಂದ ಬಿದ್ದು ದಾಖಲಾಗಿದ್ದರು. ಹೆಂಡತಿ ವಾರ್ಡಿನಲ್ಲಿ ಜೊತೆಗಿದ್ದರು. ವಿದ್ಯಾರ್ಥಿನಿಯ ವರದಿಯಲ್ಲಿ ಇದ್ದದ್ದು ಹೀಗೆ: "ರೋಗಿಯ ಪತ್ನಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಮಾಹಿತಿ ನೀಡಲಾಯಿತು. ರೇಷನ್ ಕಾರ್ಡ್ ಊರಿನಲ್ಲಿದೆ ಎಂದರು. ತರಿಸಿಕೊಳ್ಳಲು ಒಪ್ಪಿದರು."

ಇದರಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಬಿ.ಪಿ.ಎಲ್. ಕುಟುಂಬಕ್ಕೆ ಆ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ, ಅದಕ್ಕೆ ಕಾರ್ಡ್ ಬೇಕು. ಆದರೆ ಅವರ ಕಾಲೇಜಿನ ಮೇಲ್ವಿಚಾರಕರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ಏನೆಂದು ಹೇಳಿ ಒಪ್ಪಿದರು? ಅವರ ಮಾತನ್ನೇ ಬರೆಯಿರಿ. ಒಪ್ಪುವ ಮುಂಚೆ ಸುಮ್ಮನಿದ್ದರೇ? ಕಾರ್ಡ್ ಯಾರ ಬಳಿ ಇದೆ? ಅದನ್ನು ತರುವವರು ಯಾರು?" ಮುಂದಿನ ವಾರ ಆ ಹುಡುಗಿ ಅದೇ ಮಂಚದ ಪಕ್ಕದಲ್ಲಿ ಬಹಳ ಹೊತ್ತು ಕುಳಿತರು. ಕಾರ್ಡ್ ಅತ್ತೆಯ ಬಳಿ ಇತ್ತು. ಮಗ ಬಿದ್ದ ಸಂಗತಿಯನ್ನು ಅತ್ತೆಗೆ ಇನ್ನೂ ತಿಳಿಸಿರಲಿಲ್ಲ, ಏಕೆಂದರೆ ಮೇಸ್ತ್ರಿಯಿಂದ ಮುಂಗಡ ಪಡೆದದ್ದು ಅತ್ತೆಗೆ ಇಷ್ಟವಿರಲಿಲ್ಲ, ಈಗ ಎಲ್ಲದಕ್ಕೂ ಸೊಸೆಯೇ ಕಾರಣ ಎಂಬ ಮಾತು ಬರುತ್ತದೆಂಬ ಭಯ. "ತರಿಸ್ತೀನಿ ಅಕ್ಕ" ಎಂದು ಆಕೆ ಹೇಳಿದ್ದು ತರಿಸುವುದಕ್ಕಲ್ಲ, ಎದುರಿಗೆ ನಿಂತಿರುವ ಓದಿದ ಹುಡುಗಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು. ಅಂದೇ ಆಕೆಯ ಪಕ್ಕದಲ್ಲಿ ಕುಳಿತು ಅತ್ತೆಗೆ ಫೋನು ಮಾಡಿಸಿದ್ದು, ನೆರೆಮನೆಯ ಹುಡುಗನಿಂದ ಕಾರ್ಡಿನ ಫೋಟೊ ವಾಟ್ಸಾಪಿನಲ್ಲಿ ಬಂದದ್ದು, ಅದನ್ನು ಹಿಡಿದು ಆಸ್ಪತ್ರೆಯಲ್ಲಿ ಆ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರ ಬಳಿ ಹೋದದ್ದು, ಆ ಕಾರ್ಮಿಕರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಲೇ ಇಲ್ಲವೆಂದು ತಿಳಿದದ್ದು, ಇವೆಲ್ಲ ಎರಡನೆಯ ವರದಿಯಲ್ಲಿದ್ದವು. ಮೊದಲನೆಯದು ಮೂರು ಸಾಲು, ಎರಡನೆಯದು ಹಲವು ಪುಟ. ಆ ನಡುವೆ ಇದ್ದದ್ದು ಪೆನ್ಸಿಲಿನ ನಾಲ್ಕು ಪ್ರಶ್ನೆ.

ಇಂತಹ ಮೇಲ್ವಿಚಾರಣೆ ಎಲ್ಲ ಕಡೆಯೂ ಇಲ್ಲವೆಂಬುದನ್ನು ಮುಚ್ಚಿಡಬಾರದು. ನಾನು ಓದಿದ ವಿಭಾಗದಲ್ಲಿಯೇ ಒಂದು ಇಡೀ ಸೆಮಿಸ್ಟರ್ ಖಾಯಂ ಅಧ್ಯಾಪಕರಿಲ್ಲದೆ, ಅತಿಥಿ ಉಪನ್ಯಾಸಕರೇ ಹತ್ತಾರು ವಿದ್ಯಾರ್ಥಿಗಳ ವರದಿ ನೋಡಬೇಕಾದ ಸ್ಥಿತಿ ಇತ್ತು. ಪಾಪ, ಅವರಿಗೆ ಸಹಿ ಹಾಕಲಷ್ಟೇ ಸಮಯ ಸಿಗುತ್ತಿತ್ತು. ಓದುವವರಿಲ್ಲವೆಂದು ಗೊತ್ತಾದ ಮೇಲೆ ಹಿಂದಿನ ವರ್ಷದವರ ವರದಿಗಳನ್ನು ನಕಲು ಮಾಡುವುದು ಶುರುವಾಗುತ್ತದೆ. ಇನ್ನೊಂದು ಕಡೆ ಕೆಲವು ಸಂಸ್ಥೆಗಳು ವಿದ್ಯಾರ್ಥಿಗಳನ್ನು ಎಕ್ಸೆಲ್ ಹಾಳೆ ತುಂಬಿಸಲು, ಕಾರ್ಯಕ್ರಮದ ದಿನ ಕುರ್ಚಿ ಜೋಡಿಸಲು, ಫೋಟೊಗೆ ಬ್ಯಾನರ್ ಹಿಡಿದು ನಿಲ್ಲಲು ಬಳಸಿಕೊಳ್ಳುತ್ತವೆ. ಸಂಸ್ಥೆಯ ಕೆಲಸದಲ್ಲಿ ಇವೂ ಇರುತ್ತವೆ, ನಿಜ. ಆದರೆ ಸೆಮಿಸ್ಟರ್ ಪೂರ್ತಿ ಇದೇ ಆದರೆ ಅದನ್ನು ಕ್ಷೇತ್ರಕಾರ್ಯವೆಂದು ಕರೆಯಲಾಗದು, ಮತ್ತು ಅದನ್ನು ಕಂಡೂ ವಿದ್ಯಾರ್ಥಿಯನ್ನು ಅಲ್ಲಿಂದ ಬೇರೆಡೆಗೆ ಬದಲಾಯಿಸದ ವಿಭಾಗ ತನ್ನ ಕರ್ತವ್ಯವನ್ನು ಮಾಡುತ್ತಿಲ್ಲ.

ಆದ್ದರಿಂದ ಅರ್ಜಿ ಹಾಕುವ ಮುನ್ನ ವಿಭಾಗಕ್ಕೆ ಖುದ್ದಾಗಿ ಹೋಗಿ, ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿ. ಒಬ್ಬ ಮೇಲ್ವಿಚಾರಕರಿಗೆ ಎಷ್ಟು ಜನ ವಿದ್ಯಾರ್ಥಿಗಳು, ಐ.ಸಿ. ನಿಗದಿತ ದಿನ ನಡೆಯುತ್ತದೆಯೇ, ಅಧ್ಯಾಪಕರು ಏಜೆನ್ಸಿಗೆ, ಅಂದರೆ ಕ್ಷೇತ್ರಕಾರ್ಯ ನಡೆಯುವ ಸಂಸ್ಥೆಗೆ, ಭೇಟಿ ಕೊಡುತ್ತಾರೆಯೇ ಎಂದು ಕೇಳಿ. ಕಳೆದ ತಿಂಗಳ ವರದಿಯ ಪುಸ್ತಕದಲ್ಲಿ ಅಂಚಿನ ಟಿಪ್ಪಣಿಗಳು ಹೇಗಿರುತ್ತವೆ ಎಂದೂ ಕೇಳಿ. ಸೇವಾರ್ಥಿಗಳ, ಅಂದರೆ ನೆರವು ಪಡೆಯುವವರ, ಗೌಪ್ಯತೆಯಿಂದಾಗಿ ವರದಿಯನ್ನೇ ತೋರಿಸಲು ಅವರು ನಿರಾಕರಿಸಿದರೆ ಅದು ಆ ವಿಭಾಗದ ಬಗ್ಗೆ ಒಳ್ಳೆಯ ಸೂಚನೆ.

ಭಾಷೆಯ ಪ್ರಶ್ನೆಯನ್ನು ನಾನು ಸುಮ್ಮನೆ ದಾಟಿ ಹೋಗಲಾರೆ. ಕ್ಷೇತ್ರದಲ್ಲಿ ಮಾತು ನಡೆಯುವುದು ಕನ್ನಡದಲ್ಲಿ, ಇಲ್ಲವೇ ತಮಿಳು, ತೆಲುಗು, ಉರ್ದುವಿನಲ್ಲಿ. ತರಗತಿ ಮತ್ತು ವರದಿ ಹಲವು ಕಡೆ ಇಂಗ್ಲಿಷಿನಲ್ಲಿ. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದವರು ವಾರ್ಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತನಾಡಿ, ಸೆಮಿನಾರಿನಲ್ಲಿ ತಲೆತಗ್ಗಿಸಿ ಕೂರುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಕ್ಷೇತ್ರವರದಿಯನ್ನೂ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂಬುದನ್ನು ಸೇರುವ ಮುನ್ನವೇ ಖಚಿತಪಡಿಸಿಕೊಳ್ಳಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯವನ್ನು ಕಲಿಸಿದ ಎಚ್.ಎಂ. ಮರುಳಸಿದ್ಧಯ್ಯನವರು ಈ ವಿಷಯವನ್ನು ಕನ್ನಡದಲ್ಲಿ ಬರೆಯಬಹುದೆಂದು ಬರೆದೇ ತೋರಿಸಿದ್ದಾರೆ. ಅವರ ಬರಹಗಳನ್ನು ಮೊದಲ ಸೆಮಿಸ್ಟರಿನಲ್ಲಿಯೇ ಹುಡುಕಿಕೊಂಡು ಓದುವುದು ಒಳ್ಳೆಯದು. ಕನ್ನಡ ಬಾರದೆ ಹೊರರಾಜ್ಯದಿಂದ ಬರುವವರೂ ಮೊದಲ ವರ್ಷದಲ್ಲೇ ಮಾತನಾಡುವಷ್ಟು ಕನ್ನಡ ಕಲಿಯಲೇಬೇಕು, ಇಲ್ಲದಿದ್ದರೆ ಅವರ ಮತ್ತು ಸೇವಾರ್ಥಿಯ ನಡುವೆ ಯಾವಾಗಲೂ ಮೂರನೆಯವರೊಬ್ಬರು ನಿಂತಿರುತ್ತಾರೆ.

ವಿದ್ಯಾರ್ಥಿಗಳು ಒಟ್ಟಾಗಿ ಹಳ್ಳಿಯಲ್ಲಿ ಕೆಲವು ದಿನ ತಂಗುವ ಗ್ರಾಮೀಣ ಶಿಬಿರ ಚೆನ್ನಾಗಿಯೇ ಇರುತ್ತದೆ. ಕೋರ್ಸಿನ ಕೊನೆಗೆ ಒಂದೇ ಸಂಸ್ಥೆಯಲ್ಲಿ ಸತತವಾಗಿ ಮಾಡುವ ಕ್ಷೇತ್ರಕಾರ್ಯವಾದ ಬ್ಲಾಕ್ ಪ್ಲೇಸ್‌ಮೆಂಟನ್ನು ಮುಂದೆ ಕೆಲಸ ಮಾಡಬೇಕೆಂದಿರುವ ಕಡೆಯೇ ಕೇಳಿ ಪಡೆಯಿರಿ.

ವಿಶೇಷ ವಿಷಯದ ಆಯ್ಕೆ ಬಹುತೇಕ ಎರಡನೆಯ ವರ್ಷದಲ್ಲಿ. ಸಮುದಾಯ ಅಭಿವೃದ್ಧಿ, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ, ಮಾನವ ಸಂಪನ್ಮೂಲ ಇವು ಸಾಮಾನ್ಯವಾಗಿ ಸಿಗುವಂಥವು. ಸಮಾಜಕಾರ್ಯದಲ್ಲಿ ಮಾನವ ಸಂಪನ್ಮೂಲ ಏಕೆ ಎಂದು ಆಶ್ಚರ್ಯಪಡುವವರಿದ್ದಾರೆ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿದ್ದರಿಂದ ಬೆಳೆದ ಶಾಖೆ ಅದು. ಬೇಗ ಸಂಬಳ ಬೇಕಾದವರು ಅದನ್ನು ಆರಿಸಿಕೊಳ್ಳುತ್ತಾರೆ. ಮನೆಯ ಹೊಣೆ ಹೊತ್ತವರನ್ನು ಅದಕ್ಕಾಗಿ ಹಳಿಯುವುದು ಸರಿಯಲ್ಲ. ಉಳಿದ ಶಾಖೆಗಳಲ್ಲಿ ಮೊದಲ ಸಂಬಳ ಕಡಿಮೆ, ಮಕ್ಕಳ ರಕ್ಷಣಾ ಘಟಕದಂತಹ ಸರ್ಕಾರಿ ವ್ಯವಸ್ಥೆಗಳಲ್ಲಿಯೂ ಹಲವು ಹುದ್ದೆಗಳು ಗುತ್ತಿಗೆಯವು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವ್ಯಯಿಸಬೇಕೆಂದ ಮೇಲೆ ಬೆಂಗಳೂರಿನಲ್ಲಿ ಆ ಕ್ಷೇತ್ರದ ಕೆಲಸಗಳು ತೆರೆದುಕೊಂಡಿವೆ.

ಮನೋವೈದ್ಯಕೀಯ ಶಾಖೆಗೆ ಹೋಗಬೇಕೆಂದಿರುವವರಿಗೆ ಎಂ.ಎಸ್.ಡಬ್ಲ್ಯು. ಒಂದೇ ಸಾಲದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಂತೆ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯಡಿಯ ಚಿಕಿತ್ಸಾ ತರಬೇತಿಯನ್ನು ಒಳಗೊಂಡ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಇರಬೇಕು. ನಿಮ್ಹಾನ್ಸ್ ಆ ತರಬೇತಿಗೆ ಹೆಸರಾದದ್ದು. ಆದರೆ 2022ರ ಯು.ಜಿ.ಸಿ. ನಿಯಮಾವಳಿಯ ನಂತರ ಎಂ.ಫಿಲ್. ಪದವಿಯನ್ನೇ ಕೈಬಿಡಲಾಗುತ್ತಿರುವುದರಿಂದ, ಈ ದಾರಿ ಹಿಡಿಯುವವರು ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ನೋಡಿಯೇ ಯೋಜನೆ ಹಾಕಿಕೊಳ್ಳಬೇಕು.

ಕೆಲಸ ಬಿಡಲಾಗದವರಿಗೆ ಇಗ್ನೊ ದೂರಶಿಕ್ಷಣದಲ್ಲಿ ಎಂ.ಎಸ್.ಡಬ್ಲ್ಯು. ಕೊಡುತ್ತದೆ, ಅದರಲ್ಲಿಯೂ ಕ್ಷೇತ್ರಕಾರ್ಯ ಕಡ್ಡಾಯ. ಕ್ಷೇತ್ರಕಾರ್ಯವೇ ಇಲ್ಲದ ಯಾವುದೇ ಆನ್‌ಲೈನ್ ಕೋರ್ಸಿಗೆ ಹಣ ಕಟ್ಟಬೇಡಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಡೆವಲಪ್‌ಮೆಂಟ್ ಎಂ.ಎ. ಬೇರೆಯೇ ಪದವಿ, ಎಂ.ಎಸ್.ಡಬ್ಲ್ಯು. ಎಂದೇ ಕೇಳುವ ಹುದ್ದೆಗಳ ಮೇಲೆ ಕಣ್ಣಿದ್ದರೆ ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು.

ಕೊನೆಗೆ ಖರ್ಚಿನ ಮಾತು, ಏಕೆಂದರೆ ಇದನ್ನು ಪ್ರಾಸ್ಪೆಕ್ಟಸ್ ಹೇಳುವುದಿಲ್ಲ. ಕೆಂಗೇರಿಯ ಹಾಸ್ಟೆಲ್ಲಿನಿಂದ ಯಲಹಂಕದ ಏಜೆನ್ಸಿಗೆ ವಾರಕ್ಕೆರಡು ಬಾರಿ ಹೋಗಿ ಬರಬೇಕಾದರೆ ದಿನದ ಅರ್ಧ ಹೊತ್ತು ರಸ್ತೆಯಲ್ಲೇ ಕಳೆಯುತ್ತದೆ, ಮಧ್ಯಾಹ್ನದ ಊಟ ಹೊರಗೇ ಆಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳ ಪ್ರಯಾಣದ ಖರ್ಚು ಇಲ್ಲವಾಗಿದೆ, ಮತ್ತು ದೂರದ ಏಜೆನ್ಸಿಗಳನ್ನು ತಾವಾಗಿಯೇ ಕೇಳಿ ಪಡೆಯುವ ವಿದ್ಯಾರ್ಥಿನಿಯರನ್ನು ನಾನು ಈಗ ನೋಡುತ್ತಿದ್ದೇನೆ. ಹುಡುಗರು ಪಾಸನ್ನೇ ನೆಚ್ಚಬೇಕು, ಅದು ಕೈಸೇರುವವರೆಗೆ ಟಿಕೆಟ್ ಕೊಳ್ಳಬೇಕು. ಪ್ರಯೋಗಾಲಯವಿರುವ ಕೋರ್ಸುಗಳಿಗೆ ರಾಸಾಯನಿಕ ಕೊಳ್ಳಲು ಹಣವಿಡುವ ವಿಶ್ವವಿದ್ಯಾಲಯಗಳು, ಕ್ಷೇತ್ರವನ್ನೇ ಪ್ರಯೋಗಾಲಯ ಮಾಡಿಕೊಂಡ ಈ ವಿಭಾಗಕ್ಕೆ ವಿದ್ಯಾರ್ಥಿಯ ಬಸ್ಸಿನ ಹಣವನ್ನೂ ಒಂದು ಹೊತ್ತಿನ ಊಟದ ಹಣವನ್ನೂ ಬಜೆಟ್ಟಿನಲ್ಲಿ ಇಡಬೇಕು; ಪ್ರವೇಶದ ದಿನವೇ ಇದನ್ನು ವಿಭಾಗದ ಮುಖ್ಯಸ್ಥರ ಬಳಿ ಪೋಷಕರೂ ವಿದ್ಯಾರ್ಥಿಗಳೂ ಕೇಳಬೇಕು.