ಐಲ್ ಆಫ್ ವೈಟ್ ಸುತ್ತ ಕಯಾಕ್: ಹೈ ವಾಟರ್ ಸಮಯ ಒಂದನ್ನೇ ನಂಬಿ ಹೊರಡಬೇಡಿ

ಇಂಗ್ಲೆಂಡಿನ ದಕ್ಷಿಣ ಕರಾವಳಿ ಕಡೆ ಇರುವ ನಮ್ಮವರಲ್ಲಿ ಕಯಾಕ್ (ಹುಟ್ಟು ಹಾಕಿ ಸಾಗುವ ಕಿರಿದಾದ ದೋಣಿ) ಹುಚ್ಚಿನವರು ಯಾರಾದರೂ ಇದ್ದರೆ ಇದನ್ನು ಓದಿ. ಮೇ ತಿಂಗಳಲ್ಲಿ ಐಲ್ ಆಫ್ ವೈಟ್ ದ್ವೀಪವನ್ನು ಒಬ್ಬನೇ ಸುತ್ತಲು ಹೋಗಿ, ಎರಡನೇ ದಿನವೇ ನೀರಿಗೆ ಬಿದ್ದೆ. ತಪ್ಪು ಪೂರಾ ನನ್ನದೇ.

ಒಂದು ಸುತ್ತು ಸುಮಾರು 100 ಕಿ.ಮೀ. ಮೂರು ದಿನದ ಲೆಕ್ಕ ಹಾಕಿದ್ದೆ. ಯಾರ್ಮತ್‌ನಿಂದ ಹೊರಟು, ನೀಡಲ್ಸ್ ಎಂಬ ಸೀಮೆಸುಣ್ಣದ ಬಿಳಿ ಬಂಡೆಗಳನ್ನು ಬಳಸಿ, ಮೊದಲ ಸಂಜೆ ಫ್ರೆಶ್‌ವಾಟರ್ ಬೇ ಸೇರಿದೆ. ತುಂಬಾ ಸಲೀಸಾಗಿ ಆಯಿತು. ಅದೇ ತಲೆಗೇರಿತು ಅನಿಸುತ್ತದೆ.

ಮಾರನೇ ದಿನ ದ್ವೀಪದ ದಕ್ಷಿಣ ತುದಿಯ ಸೇಂಟ್ ಕ್ಯಾಥರಿನ್ಸ್ ಪಾಯಿಂಟ್ ದಾಟಬೇಕಿತ್ತು. ದಾರಿ 18 ಕಿ.ಮೀ. ಫೋನಿನಲ್ಲಿ ಉಬ್ಬರ-ಇಳಿತದ ಪಟ್ಟಿ ನೋಡಿದೆ. ಹತ್ತಿರದ ಪೋರ್ಟ್ಸ್‌ಮತ್ ಬಂದರಿನ ಹೈ ವಾಟರ್, ಅಂದರೆ ಉಬ್ಬರ ಅತಿ ಎತ್ತರಕ್ಕೆ ಏರುವ ಹೊತ್ತು, 12:20 ಎಂದಿತ್ತು. ನೀರು ಏರುವಾಗ ಪ್ರವಾಹ ಪೂರ್ವಕ್ಕೆ, ಅಂದರೆ ನಾನು ಹೋಗುವ ಕಡೆಗೇ. ಹಾಗಾದರೆ 12:20ರವರೆಗೆ ಪುಕ್ಕಟೆ ಸವಾರಿ! ಆರಾಮಾಗಿ ಅವಲಕ್ಕಿ ತಿಂದು ಒಂಬತ್ತಕ್ಕೆ ಹೊರಟೆ.

ಪಟ್ಟಿ ಹೇಳುವುದು ನೀರಿನ ಎತ್ತರ ಮಾತ್ರ. ನೀರು ಯಾವಾಗ ಯಾವ ಕಡೆ ಹರಿಯುತ್ತದೆ ಎಂಬುದು ಬೇರೆ ಲೆಕ್ಕ. ಅಲ್ಲಿ ಪೋರ್ಟ್ಸ್‌ಮತ್‌ನ ಹೈ ವಾಟರ್‌ಗೆ ಸುಮಾರು ಒಂದು ಗಂಟೆ ಮೊದಲೇ ಪ್ರವಾಹ ಪಶ್ಚಿಮಕ್ಕೆ ತಿರುಗುತ್ತದೆ. ನಾನು ತುದಿ ಮುಟ್ಟಿದಾಗ ಹನ್ನೊಂದೂವರೆ. ಹುಣ್ಣಿಮೆ ಕಳೆದು ಎರಡೇ ದಿನ, ಸೆಳೆತ ಜೋರು.

ಮೊದಲು ಗೊತ್ತೇ ಆಗಲಿಲ್ಲ. ಹುಟ್ಟು ಹಾಕುತ್ತಲೇ ಇದ್ದೆ, ದೀಪಸ್ತಂಭ ಮಾತ್ರ ಇದ್ದಲ್ಲೇ ಇತ್ತು. ಇಪ್ಪತ್ತು ನಿಮಿಷ ಆದರೂ ಅಲ್ಲೇ. ಅಷ್ಟರಲ್ಲಿ ಅಲೆಗಳ ರೂಪ ಬದಲಾಯಿತು. ಬೆಳಿಗ್ಗೆಯಿಂದ ಬೆನ್ನಿಗೆ ಬೀಸುತ್ತಿದ್ದ ಪಶ್ಚಿಮದ ಗಾಳಿ ಒಂಚೂರೂ ಜಾಸ್ತಿ ಆಗಿರಲಿಲ್ಲ. ಆದರೆ ನೀರು ಈಗ ಅದಕ್ಕೆ ಎದುರಾಗಿ ಹರಿಯುತ್ತಿತ್ತು. ಉದ್ದುದ್ದ ಇದ್ದ ಅಲೆಗಳು ಒಂದರ ಹಿಂದೊಂದು ಒತ್ತೊತ್ತಾಗಿ, ಗೋಡೆಯ ಹಾಗೆ ಎದ್ದು ಒಡೆಯತೊಡಗಿದವು.

ನಾಚಿಕೆಯ ಸಂಗತಿ ಏನೆಂದರೆ, ನಾನು ಗಂಗೊಳ್ಳಿ ಕಡೆಯವನು. ಅಳಿವೆಯಲ್ಲಿ ಇಳಿತದ ನೀರು ಕಡಲಿನ ಅಲೆಗೆ ಎದುರಾದಾಗ ಏನಾಗುತ್ತದೆ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಆಮೇಲೆ ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದರೆ, "ಇಳಿತದ ಹೊತ್ತಿಗೆ ಅಳಿವೆ ದಾಟುಕೆ ಹೊರಟಿದ್ಯಾ ಮಾರಾಯ?" ಅಂದರು.

ಹಿಂದಿನಿಂದ ಬಂದ ಒಂದು ಅಲೆ ಕಯಾಕನ್ನು ಅಡ್ಡ ತಿರುಗಿಸಿತು. ಮಗುಚಿದೆ. ಈಜುಕೊಳದಲ್ಲಿ ಹತ್ತು ಸಲ ಮಾಡಿದ್ದ ರೋಲ್ (ಮಗುಚಿದ ಕಯಾಕನ್ನು ಒಳಗೆ ಕೂತೇ ನೇರ ಮಾಡುವುದು) ಅಲ್ಲಿ ಒಂದು ಸಲವೂ ಆಗಲಿಲ್ಲ. ಮೇ ತಿಂಗಳಲ್ಲಿ ಅಲ್ಲಿನ ನೀರು ಸುಮಾರು 12 ಡಿಗ್ರಿ. ಮೈಮೇಲೆ ತೆಳ್ಳಗಿನ ವೆಟ್‌ಸೂಟ್. ಮೊದಲ ಒಂದು ನಿಮಿಷ ಉಸಿರು ನನ್ನ ಮಾತೇ ಕೇಳಲಿಲ್ಲ, ಸುಮ್ನೆ ಏದುಸಿರು. ಸಹಾಯಕ್ಕೆ ಕರೆಯಲು ವಿಎಚ್‌ಎಫ್ ರೇಡಿಯೊ ಇತ್ತು, ಆದರೆ ಸೀಟಿನ ಹಿಂದಿನ ಹ್ಯಾಚ್ (ಮುಚ್ಚಳವಿರುವ ಸಾಮಾನು ಗೂಡು) ಒಳಗೆ! ಅಲೆಯ ಮಧ್ಯೆ ಆ ಮುಚ್ಚಳ ತೆಗೆದರೆ ಕಯಾಕೇ ತುಂಬಿಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿದ್ದ ಫೋನಿಗೆ ಒದ್ದೆ ಬೆರಳು ತಾಗಿದ್ದೇ ಗೊತ್ತಾಗಲಿಲ್ಲ.

ಪ್ಯಾಡಲ್ ಫ್ಲೋಟ್ (ಹುಟ್ಟಿನ ತುದಿಗೆ ಸಿಕ್ಕಿಸುವ ಗಾಳಿಚೀಲ) ಊದಿ, ಮೂರನೇ ಸಲಕ್ಕೆ ಹೇಗೋ ಹತ್ತಿ ಕುಳಿತೆ. ಸೊಂಟದವರೆಗೆ ನೀರು. ಪಂಪ್ ಹೊಡೆಯಲು ಕೈ ಬಿಟ್ಟರೆ ಮತ್ತೆ ವಾಲುತ್ತಿತ್ತು. ಅಷ್ಟು ಹೊತ್ತಿಗೆ ಏಡಿ ಹಿಡಿಯುವ ಒಂದು ದೋಣಿ ಕಂಡು ಸೀಟಿ ಊದಿದೆ. ಅವರು ನೋಡಿದ್ದು ನನ್ನ ಅದೃಷ್ಟ, ಮತ್ತೇನಿಲ್ಲ. ಹಗ್ಗ ಕಟ್ಟಿ ವೆಂಟ್ನರ್‌ಗೆ ಎಳೆದು ತಂದರು. ಬಸ್ಸಿನಲ್ಲಿ ಯಾರ್ಮತ್‌ಗೆ ಹೋಗಿ ಕಾರು ತರುವ ಹೊತ್ತಿಗೂ ಹಲ್ಲು ಕಟಕಟ ಅನ್ನುತ್ತಿದ್ದವು.

ನೀವು ಹೋಗುವುದಾದರೆ ಟೈಡಲ್ ಸ್ಟ್ರೀಮ್ ಅಟ್ಲಾಸ್ ಕೊಳ್ಳಿ. ಅದರಲ್ಲಿ ನೀರು ಯಾವ ಕಡೆ ಹರಿಯುತ್ತದೆ ಎಂದು ತೋರಿಸುವ, ಹೈ ವಾಟರ್‌ನ ಹಿಂದೆ-ಮುಂದೆ ಗಂಟೆಗೊಂದು ನಕ್ಷೆ ಇರುತ್ತದೆ, ಬಾಣದ ಗುರುತು ನೋಡಿದರೆ ಸಾಕು. ನಾನು ಏಳಕ್ಕೆ ಹೊರಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ರೇಡಿಯೊ ಎದೆಯ ಮೇಲೆ, ಲೈಫ್ ಜಾಕೆಟ್‌ಗೆ ಕಟ್ಟಿರಲಿ. ಹಾಕುವ ಬಟ್ಟೆ ಬಿಸಿಲಿಗಲ್ಲ, ನೀರಿಗೆ. ಉತ್ತರ ಬದಿಯಲ್ಲಿ ಸೌತಾಂಪ್ಟನ್‌ಗೆ ಹೋಗುವ ದೊಡ್ಡ ಹಡಗುಗಳ ಕಾಟ ಬೇರೆಯೇ ಇದೆ. ಆದರೆ ಅದರ ಬಗ್ಗೆ ಹೇಳಲು ನಾನು ಅಲ್ಲಿವರೆಗೆ ಹೋಗಲೇ ಇಲ್ಲವಲ್ಲ.