ಶನಿವಾರದ ಸುದ್ದಿ ಚರ್ಚೆ ಕ್ಲಾಸು: ಸೇರಿಕೊಳ್ಳಿ, ಆದರೆ ಡಿಬೇಟ್ ಇರುವ ವಾರ ಹೋಗಬೇಡಿ

ಮೈಸೂರಿನಲ್ಲಿ ಕಾಲೇಜು ಓದುವವರಿಗೆ ಅಂತ ಶನಿವಾರ ಮಧ್ಯಾಹ್ನ ನಡೆಯುವ ಒಂದು ಚರ್ಚೆ ಕ್ಲಾಸಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ನಡೆಸುವವರು ಒಬ್ಬ ಮೇಡಂ, ಒಬ್ಬ ಸರ್, ಅಷ್ಟೇ. ಚಿಕ್ಕ ಜಾಗ, ನನ್ನ ದೂರು ಸ್ವಲ್ಪ ಖಾರ. ವಾರಕ್ಕೊಂದು ವಿದೇಶದ ಸುದ್ದಿ ಇಟ್ಟುಕೊಂಡು ಅಲ್ಲಿ ಯಾರ ಯಾವ ಹಕ್ಕು ಹೋಯಿತು, ಕಿತ್ತುಕೊಂಡವರು ಯಾರು, ಅವರನ್ನು ಕೇಳುವವರು ಯಾರಾದರೂ ಇದ್ದಾರಾ ಅಂತ ಎರಡು ಗಂಟೆ ಮಾತಾಡುತ್ತೇವೆ. ತಿಂಗಳಿಗೆ 600 ರೂಪಾಯಿ. ಬರುವವರಲ್ಲಿ ಅರ್ಧ ಜನ ಕೆಎಎಸ್, ಐಎಎಸ್‌ಗೆ ಓದುತ್ತಿರುವವರು, ಉಳಿದವರು ಲಾ, ಜರ್ನಲಿಸಂ. ನಾನು ಬಿ.ಎ. ಗೆಳತಿ ಎಳೆದುಕೊಂಡು ಹೋದಳು ಅಂತ ಸುಮ್ನೆ ಹೋದವಳು.

ಇಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ನಿಯಮ. ಮೊದಲ ಅರ್ಧ ಗಂಟೆ ಯಾರೂ ಅಭಿಪ್ರಾಯ ಹೇಳುವ ಹಾಗಿಲ್ಲ. ಏನಾಯಿತು, ಯಾವಾಗ ಆಯಿತು, ಹಾಗಂತ ಹೇಳಿದವರು ಯಾರು, ಇಷ್ಟೇ. "ನನಗೆ ಅನ್ನಿಸೋದು..." ಅಂತ ಬಾಯಿ ತೆರೆದರೆ ಮೇಡಂ ಕೈ ಎತ್ತಿ ನಿಲ್ಲಿಸುತ್ತಾರೆ. ವಾಟ್ಸಾಪ್ ಫಾರ್ವರ್ಡ್ ನಂಬಿ ಬಂದವರಿಗೆ ಈ ಅರ್ಧ ಗಂಟೆ ನರಕ. ಆಮೇಲೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕನ್ನಡ ಪ್ರತಿ ಕೈಗೆ ಬರುತ್ತದೆ, 30 ವಿಧಿಗಳಲ್ಲಿ ಈ ಸುದ್ದಿಗೆ ಯಾವುದು ತಾಗುತ್ತದೆ ಅಂತ ನಾವೇ ಹುಡುಕಬೇಕು. (ಈ ಪ್ರತಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಅದಕ್ಕೆ ಅಂತ ಫೀಸು ಕಟ್ಟಬೇಡಿ.) 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯಲ್ಲಿ ಅದನ್ನು ಒಪ್ಪುವಾಗ 48 ದೇಶಗಳು ಪರವಾಗಿ ಮತ ಹಾಕಿದವು, ವಿರೋಧ ಒಂದೂ ಇಲ್ಲ, 8 ದೇಶಗಳು ಯಾವ ಕಡೆಗೂ ಹಾಕದೆ ಕೂತವು. ಆ ಎಂಟರಲ್ಲಿ ದಕ್ಷಿಣ ಆಫ್ರಿಕಾ ಯಾಕಿತ್ತು, ಸೌದಿ ಯಾಕಿತ್ತು, ಸೋವಿಯತ್ ಬಣ ಯಾಕಿತ್ತು ಅಂತ ಕೇಳುತ್ತಾ ಹೋದರೆ ಅದೇ ಒಂದು ಕ್ಲಾಸು.

ಸುಡಾನ್ ವಾರದ ಬಗ್ಗೆ ಹೇಳಲೇಬೇಕು. 2021ರಲ್ಲಿ ಸೇರಿಕೊಂಡೇ ಅಧಿಕಾರ ಕಿತ್ತುಕೊಂಡಿದ್ದ ಇಬ್ಬರು, ಸೇನೆಯ ಬುರ್ಹಾನ್ ಮತ್ತು ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಯ ಹೆಮೆಟಿ, 2023ರ ಏಪ್ರಿಲ್ 15ರಂದು ಒಬ್ಬರ ಮೇಲೊಬ್ಬರು ಬಿದ್ದರು. ಈ ಆರ್‌ಎಸ್‌ಎಫ್ ಹುಟ್ಟಿದ್ದೇ 2003ರ ಸುಮಾರಿಗೆ ಸುಡಾನಿನ ಪಶ್ಚಿಮದ ಡಾರ್ಫರ್‌ನಲ್ಲಿ ಊರೂರು ಸುಟ್ಟ ಜಂಜಾವೀದ್ ಅನ್ನುವ ಶಸ್ತ್ರಧಾರಿ ಗುಂಪುಗಳಿಂದ. ಡಾರ್ಫರ್‌ನಲ್ಲಿ ಸೇನೆಯ ಕೈಯಲ್ಲಿ ಉಳಿದಿದ್ದ ಕೊನೆಯ ದೊಡ್ಡ ಊರು ಎಲ್ ಫಾಶೆರ್. ಅದನ್ನು ಸುಮಾರು ಒಂದೂವರೆ ವರ್ಷ ಮುತ್ತಿಗೆ ಹಾಕಿ, ಊಟ ಔಷಧಿ ಒಳಗೆ ಹೋಗದ ಹಾಗೆ ಮಾಡಿ, 2025ರ ಅಕ್ಟೋಬರ್ 26ಕ್ಕೆ ಆರ್‌ಎಸ್‌ಎಫ್ ಹಿಡಿಯಿತು. ಆಮೇಲೆ ಸಾಮೂಹಿಕ ಕೊಲೆ. ಪಕ್ಕದಲ್ಲಿ ಮನೆ ಬಿಟ್ಟು ಬಂದವರಿದ್ದ ಝಮ್‌ಝಮ್ ಶಿಬಿರದಲ್ಲಂತೂ 2024ರ ಆಗಸ್ಟ್‌ನಲ್ಲೇ ಕ್ಷಾಮ ಘೋಷಣೆಯಾಗಿತ್ತು.

ಇಷ್ಟು ಹೇಳುವ ತನಕ ಎಲ್ಲರೂ ನೋಟ್ಸ್ ಬರೆದುಕೊಳ್ಳುತ್ತಿದ್ದರು. ಆಗ ಹುಣಸೂರು ಕಡೆಯ ಹುಡುಗಿಯೊಬ್ಬಳು, "ಮೇಡಂ, ನಮ್ಮ ಹಕ್ಕಿಪಿಕ್ಕಿಯವರು ಸಿಕ್ಕಿಹಾಕಿಕೊಂಡಿದ್ದು ಇದೇ ಊರಲ್ಲಿ ಅಲ್ವಾ?" ಅಂದಳು. ಹೌದು, ಇದೇ ಊರು. ಗಿಡಮೂಲಿಕೆ ಔಷಧಿ, ಎಣ್ಣೆ ಮಾರಲು ಅಷ್ಟು ದೂರ ಹೋಗಿದ್ದ ನಮ್ಮ ರಾಜ್ಯದ ಜನ ಯುದ್ಧ ಶುರುವಾದಾಗ ಬಾಡಿಗೆ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು, ಇಲ್ಲಿ ವಿಧಾನಸಭೆ ಚುನಾವಣೆ ಹತ್ತಿರ ಇತ್ತು, ಅದೂ ಒಂದು ಟ್ವಿಟರ್ ಜಗಳವಾಯಿತು, ಕೊನೆಗೆ ಭಾರತ ಸರ್ಕಾರದ ಆಪರೇಷನ್ ಕಾವೇರಿಯಲ್ಲಿ ಅವರನ್ನು ಕರೆತಂದರು. ಅಲ್ಲಿಂದ ಚರ್ಚೆಯ ದಾರಿಯೇ ಬದಲಾಯಿತು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಹಡಗು, ವಿಮಾನ ಬಂತು. ಅವರಿಗೆ ಮನೆ ಬಾಡಿಗೆ ಕೊಟ್ಟ ಎಲ್ ಫಾಶೆರ್‌ನವರಿಗೆ ಯಾರು ಬರಬೇಕಿತ್ತು? ತನ್ನ ಸರ್ಕಾರವೇ ಎರಡು ತುಂಡಾಗಿ ಹೊಡೆದಾಡುವಾಗ ಹಕ್ಕು ಕೇಳಲು ಯಾವ ಕಚೇರಿಗೆ ಹೋಗಬೇಕು?

ಲಾ ಹುಡುಗನೊಬ್ಬ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇದೆಯಲ್ಲ ಅಂದ. ಇದೆ, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2005ರಲ್ಲೇ ಡಾರ್ಫರ್ ವಿಷಯವನ್ನು ಅಲ್ಲಿಗೆ ಕಳಿಸಿತ್ತು. ಆಗಿನ ಅಧ್ಯಕ್ಷ ಬಶೀರ್ ಮೇಲೆ 2009ರಲ್ಲಿ ವಾರಂಟ್ ಬಂತು, ಇನ್ನೂ ಒಪ್ಪಿಸಿಲ್ಲ. ಜಂಜಾವೀದ್ ಮುಖಂಡ ಅಲಿ ಕುಶೈಬ್ ಅಪರಾಧಿ ಅಂತ ತೀರ್ಪು ಬಂದದ್ದು 2025ರ ಅಕ್ಟೋಬರ್ 6ರಂದು. ಅದಾಗಿ ಮೂರು ವಾರಕ್ಕೆ ಅದೇ ಡಾರ್ಫರ್‌ನಲ್ಲಿ ಅದೇ ಥರದ ಕೊಲೆ. ಹಾಗಾದರೆ ಆ ಕೋರ್ಟು ಯಾಕೆ ಬೇಕು ಅಂತ ಒಬ್ಬರು, ಇಪ್ಪತ್ತು ವರ್ಷ ಕಾದು ಸಾಕ್ಷಿ ಹೇಳಿದ ಹೆಂಗಸರನ್ನು ಕೇಳಿ ಆಮೇಲೆ ಬೇಡ ಅನ್ನಿ ಅಂತ ಇನ್ನೊಬ್ಬರು. ಸಂಜೆ ಆರು ಗಂಟೆಯಾದರೂ ಯಾರೂ ಎದ್ದಿರಲಿಲ್ಲ. ನಾನು ಕಾಲೇಜಿನಲ್ಲಿ ಕೂತ ಯಾವ ಕ್ಲಾಸೂ ಹೀಗೆ ನಡೆದಿಲ್ಲ.

ಈಗ ಕೆಟ್ಟದ್ದು. ತಿಂಗಳಿಗೊಮ್ಮೆ "ಡಿಬೇಟ್ ವಾರ" ಅಂತ ಇಡುತ್ತಾರೆ. ಪರ, ವಿರೋಧ ಅಂತ ಚೀಟಿ ಎತ್ತಬೇಕು, ಗೆದ್ದವರಿಗೆ ಬಹುಮಾನ. ವಿಷಯ ಏನು ಗೊತ್ತಾ? ಅಫ್ಘಾನಿಸ್ತಾನದಲ್ಲಿ ಹುಡುಗಿಯರ ಓದು ನಿಲ್ಲಿಸಿದ್ದು ಸರಿಯೇ ತಪ್ಪೇ! ನನಗೆ ಬಂದ ಚೀಟಿ "ಪರ". ಆರನೇ ಕ್ಲಾಸಿನ ಆಚೆ ಹುಡುಗಿಯರು ಓದಬಾರದು ಅಂತ, ಡಿಗ್ರಿ ಓದುತ್ತಿರುವ ನಾನು ಎದ್ದು ನಿಂತು ಮೂರು ನಿಮಿಷ ವಾದ ಮಾಡಬೇಕು. ನಾನು ಮಾಡಲಿಲ್ಲ, ಕೂತೇ ಇದ್ದೆ. ಒಬ್ಬ ಹುಡುಗ ಸಂಸ್ಕೃತಿ, ಸಾರ್ವಭೌಮತೆ ಅಂತೆಲ್ಲ ಚಂದದ ಇಂಗ್ಲಿಷಿನಲ್ಲಿ ಹೇಳಿ ಬಹುಮಾನ ತೆಗೆದುಕೊಂಡ. 2022ರ ಮಾರ್ಚ್ 23ರಂದು ಹೈಸ್ಕೂಲು ತೆರೆಯುತ್ತೇವೆ ಅಂತ ತಾಲಿಬಾನ್ ಹೇಳಿ, ಹುಡುಗಿಯರು ಬಂದ ಮೇಲೆ ಅದೇ ದಿನ ಮನೆಗೆ ಕಳಿಸಿದ್ದು, ಅದೇ ವರ್ಷ ಡಿಸೆಂಬರ್‌ನಲ್ಲಿ ಯೂನಿವರ್ಸಿಟಿಯನ್ನೂ ಮುಚ್ಚಿದ್ದು, 2025ರ ಜುಲೈನಲ್ಲಿ ತಾಲಿಬಾನ್ ಮುಖ್ಯಸ್ಥ ಅಖುಂದ್‌ಜಾದಾ ಮೇಲೆ ಹೆಣ್ಣುಮಕ್ಕಳ ಮೇಲಿನ ಇಂಥ ದೌರ್ಜನ್ಯಕ್ಕೇ ಅದೇ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಿಂದ ಬಂಧನ ವಾರಂಟ್ ಬಂದಿದ್ದು, ಇದರಲ್ಲಿ ಒಂದೂ ಆ ದಿನ ಯಾರ ಬಾಯಲ್ಲೂ ಬರಲಿಲ್ಲ. ಉಳಿದ ವಾರ ಅಷ್ಟು ಕಟ್ಟುನಿಟ್ಟಾಗಿ ನಡೆಸುವ ಮೊದಲ ಅರ್ಧ ಗಂಟೆ ಡಿಬೇಟ್ ವಾರ ಇರುವುದೇ ಇಲ್ಲ!

ಸರ್‌ಗೆ ಹೇಳಿದೆ. "ಎರಡೂ ಕಡೆ ಯೋಚಿಸೋದು ಕಲೀಬೇಕಲ್ಲಮ್ಮಾ" ಅಂದರು. ಎರಡು ಕಡೆ ಇರುವ ಪ್ರಶ್ನೆಗಳು ಬೇಕಾದಷ್ಟಿವೆ, ಸರ್. 2025ರ ಅಕ್ಟೋಬರ್‌ನಲ್ಲಿ ತಾಲಿಬಾನ್ ವಿದೇಶಾಂಗ ಸಚಿವ ಮುತ್ತಕಿ ದೆಹಲಿಗೆ ಬಂದರು, ಮೊದಲ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ಪತ್ರಕರ್ತೆಯೂ ಇರಲಿಲ್ಲ, ಗಲಾಟೆಯಾದ ಮೇಲೆ ಎರಡೇ ದಿನಕ್ಕೆ ಇನ್ನೊಂದು ಗೋಷ್ಠಿ ಕರೆದು ಪತ್ರಕರ್ತೆಯರನ್ನೂ ಕೂರಿಸಿದರು. ಇಂಥವರ ಜೊತೆ ಭಾರತ ಮಾತಾಡಬೇಕಾ, ಬೇಡವಾ? ಮಾತಾಡದೆ ಬಿಟ್ಟರೆ ಅಲ್ಲಿನ ಹುಡುಗಿಯರಿಗೆ ಏನು ಲಾಭ? ಇದಕ್ಕೆ ಪರ ಚೀಟಿ ಬಂದರೂ ನಿಲ್ಲುತ್ತಿದ್ದೆ, ವಿರೋಧ ಬಂದರೂ ನಿಲ್ಲುತ್ತಿದ್ದೆ.

ಇನ್ನೊಂದು, ಇವರಿಗೆ ಮನೆ ಹತ್ತಿರದ ವಿಷಯ ಅಂದರೆ ಭಯ. ಬರ್ಮಾದ ಮುಸ್ಲಿಂ ಅಲ್ಪಸಂಖ್ಯಾತರಾದ ರೋಹಿಂಗ್ಯಾಗಳ ವಾರ, ಅವರನ್ನು ಪೌರತ್ವದಿಂದ ಹೊರಗಿಟ್ಟ ಅಲ್ಲಿನ 1982ರ ಕಾನೂನಿನಿಂದ ಶುರುಮಾಡಿ 2017ರಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಜನ ಬಾಂಗ್ಲಾಕ್ಕೆ ಓಡಿದ್ದರ ತನಕ ಚೆನ್ನಾಗಿ ನಡೆಯಿತು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಆದರೂ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು ಅರವತ್ತರ ದಶಕದಿಂದ ಇದ್ದಾರಲ್ಲ, ಇಲ್ಲಿಗೆ ಬಂದ ರೋಹಿಂಗ್ಯಾಗಳಿಗೊಂದು, ಟಿಬೆಟಿಯನ್ನರಿಗೊಂದು ಯಾಕೆ ಅಂತ ಯಾರೋ ಕೇಳಿದ್ದೇ ತಡ, "ನಮ್ಮದು ವರ್ಲ್ಡ್ ನ್ಯೂಸ್ ಮಾತ್ರ" ಅಂತ ಮುಗಿಸಿಬಿಟ್ಟರು. ಬೈಲಕುಪ್ಪೆಗೆ ನಮ್ಮೂರಿಂದ ಬಸ್ಸಿದೆ!

ಉಳಿದದ್ದು: ಘೋಷಣೆಯ ಪ್ರತಿ ಬಿಟ್ಟರೆ ಕೊಡುವ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿ. ಮಾತು ಕನ್ನಡದಲ್ಲೇ ನಡೆಯುತ್ತದೆ, ಹಾಗಾಗಿ ಕನ್ನಡ ಮೀಡಿಯಂನವರು ಹೆದರಬೇಕಿಲ್ಲ, ಆದರೆ ಹಿಂದಿನ ರಾತ್ರಿ ಡಿಕ್ಷನರಿ ಹಿಡಿದು ಕೂರಬೇಕಾಗುತ್ತದೆ. ಯುದ್ಧದ ವಿಡಿಯೋ ಹಾಕುವ ಮುಂಚೆ ಒಂದು ಮಾತು ಹೇಳುವುದಿಲ್ಲ, ಒಬ್ಬಳು ಎದ್ದು ಹೊರಗೆ ಹೋಗಿದ್ದನ್ನು ನೋಡಿದ್ದೇನೆ. ಪ್ಲಾಸ್ಟಿಕ್ ಕುರ್ಚಿ, ಎರಡು ಗಂಟೆಗೆ ಬೆನ್ನು ಹಿಡಿಯುತ್ತದೆ. ಟೀ ಚೆನ್ನಾಗಿದೆ. ಒಂದು ವಾರ ತಪ್ಪಿಸಿದರೆ ದುಡ್ಡು ವಾಪಸ್ ಇಲ್ಲ.

ಪರೀಕ್ಷೆಗೆ ರೆಡಿ ನೋಟ್ಸ್ ಬೇಕು ಅನ್ನುವವರಿಗೆ ಇದು ಬೇಡ, ಅಂಥದ್ದೇನೂ ಸಿಗುವುದಿಲ್ಲ. ಸುದ್ದಿ ನೋಡಿ ಸಿಟ್ಟು ಬಂದು, ಆ ಸಿಟ್ಟಿಗೆ ಆಧಾರ ಏನು ಅಂತ ಯಾರಾದರೂ ಕೇಳಿದಾಗ ತಡವರಿಸುವವರು ಖಂಡಿತ ಸೇರಿಕೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಮೊದಲ ವಾರ ಫ್ರೀ, ತಿಂಗಳ ವಿಷಯಗಳ ಪಟ್ಟಿಯನ್ನು ಗ್ರೂಪಿನಲ್ಲಿ ಮೊದಲೇ ಹಾಕುತ್ತಾರೆ. ಅದನ್ನು ನೋಡಿ ದುಡ್ಡು ಕಟ್ಟಿ.